ತೊಂಬತ್ತು ದಿನದ ವಸಂತ



2025ರ ವಸಂತವನ್ನು ನಾವು ದಂಪತಿಗಳು ಮಗನ ಮನೆಯಲ್ಲಿ, ಫ್ರಾನ್ಸಿನಲ್ಲಿ ಕಳೆದ ಸಂಗತಿ ನಿಮ್ಮಲ್ಲಿ ಹಲವರಿಗೆ ತಿಳಿದಿದೆ. "ಪ್ಯಾರಿಸ್ ಹೇಗಿತ್ತು ಮೇಷ್ಟ್ರೇ?" ಎಂದು ಕೇಳಿದವರೇ ಹೆಚ್ಚು. ಪ್ಯಾರಿಸನ್ನು ನಾವು ಕಂಡದ್ದು ವಿಮಾನ ನಿಲ್ದಾಣದ ಗಾಜಿನ ಆಚೆಗೆ ಮಾತ್ರ. ಮಗ ವಿಮಾನ ತಯಾರಿಕೆಗೆ ಹೆಸರಾದ ತುಲೂಸ್ ನಗರದಲ್ಲಿ ಎಂಜಿನಿಯರ್. ಮನೆ ಮಾಡಿರುವುದು ಅಲ್ಲಿಂದ ಪಶ್ಚಿಮಕ್ಕೆ, ಜೆರ್ಸ್ ಪ್ರಾಂತದ ಒಂದು ಸಣ್ಣ ಹಳ್ಳಿಯಲ್ಲಿ. ಆಕಾಶ ತಿಳಿಯಾಗಿದ್ದ ದಿನ ದಕ್ಷಿಣಕ್ಕೆ ಪಿರೆನೀಸ್ ಪರ್ವತಗಳ ಹಿಮ ಕಾಣುತ್ತಿತ್ತು. ಏಪ್ರಿಲ್ ಬಂದೊಡನೆ ಸಾಸಿವೆಯನ್ನು ಹೋಲುವ ಎಣ್ಣೆಬೀಜದ ಹೊಲಗಳು ಹಳದಿಯಾದವು.

ಆ ವರ್ಷ ಯುಗಾದಿ ಮಾರ್ಚ್ 30ರ ಭಾನುವಾರ ಬಂದಿತ್ತು. ಯುರೋಪಿನಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಹೀಗಾಗಿ ವಿಶ್ವಾವಸು ಸಂವತ್ಸರ ಕಾಲಿಟ್ಟ ದಿನವೇ ನಮ್ಮ ಪಾಲಿಗೆ ಒಂದು ಗಂಟೆ ಕಡಿಮೆಯಾಯಿತು! ನನ್ನ ಪತ್ನಿ ಪೊಟ್ಟಣದಲ್ಲಿ ಕಟ್ಟಿ ತಂದಿದ್ದ ಒಣ ಬೇವಿನ ಹೂವಿನಿಂದ ಹಬ್ಬ ನಡೆಯಿತು. ಪಕ್ಕದ ಮನೆಯವರಿಗೂ ಬೇವುಬೆಲ್ಲ ಕೊಟ್ಟೆವು. ಅವರು ಫ್ರೆಂಚರಲ್ಲ, ಬ್ರಿಟಿಷರು. ಆಕೆ ಯಾರ್ಕ್‌ಷೈರಿನಲ್ಲಿ ಉಪಾಧ್ಯಾಯಿನಿಯಾಗಿ ನಿವೃತ್ತರಾದವರು. ವೃತ್ತಿ ಒಂದೇ ಆದ್ದರಿಂದ ನಮ್ಮ ಸ್ನೇಹ ಬೇಗನೆ ಬೆಳೆಯಿತು.

ಫ್ರಾನ್ಸಿನಲ್ಲಿ ಒಂದೂವರೆ ಲಕ್ಷದಷ್ಟು ಬ್ರಿಟಿಷರು ನೆಲೆಸಿದ್ದಾರೆಂದು ಅಂದಾಜು. ಎರಡನೆಯ ಮಹಾಯುದ್ಧದ ತರುವಾಯ ಹೊಲಕ್ಕೆ ಯಂತ್ರಗಳು ಬಂದವು, ಹಳ್ಳಿಯ ಮಕ್ಕಳು ಪಟ್ಟಣ ಸೇರಿದರು, ಕಲ್ಲಿನ ಮನೆಗಳಿಗೆ ಬೀಗ ಬಿತ್ತು. ಅಂಥ ಮನೆಗಳನ್ನು ಕಡಿಮೆ ಬೆಲೆಗೆ ಕೊಂಡು ದುರಸ್ತಿ ಮಾಡಿಕೊಂಡವರಲ್ಲಿ ಬ್ರಿಟಿಷರು ಬಹಳ. ನಮ್ಮ ನೆರೆಯವರು ಹಾಗೆ ಬಂದು ಹದಿನೆಂಟು ವರ್ಷಗಳಾಗಿದ್ದವು.

ಅವರ ದಿನಚರಿಯಲ್ಲಿ ಆಡಂಬರವಿರಲಿಲ್ಲ. ಬೆಳಿಗ್ಗೆ ಬ್ರೆಡ್ಡಿನಂಗಡಿ, ವಾರಕ್ಕೊಮ್ಮೆ ಸಂತೆ, ಮಧ್ಯಾಹ್ನವೆಲ್ಲ ಕೈತೋಟ. ಮೊದಲ ವರ್ಷ ಏಪ್ರಿಲಿನಲ್ಲೇ ನೆಟ್ಟ ಟೊಮೆಟೊ ಸಸಿಗಳು ಒಂದೇ ರಾತ್ರಿಯ ಇಬ್ಬನಿಗಡ್ಡೆಗೆ ಸುಟ್ಟುಹೋದವಂತೆ. ಆಗ ಬೀದಿಯ ಕೊನೆಯ ವೃದ್ಧ ರೈತರೊಬ್ಬರು ತಾವಾಗಿಯೇ ಬಂದು ಪಾಠ ಹೇಳಿದರಂತೆ: ಮೇ 11, 12, 13 'ಹಿಮದ ಸಂತರ' ದಿನಗಳು, ಅವು ದಾಟುವ ತನಕ ಎಳೆಯ ಸಸಿಯನ್ನು ಬಯಲಿಗೆ ತರಬಾರದು. ನನಗೆ ಅಚ್ಚರಿಯಾಯಿತು. ಸುಮಾರು ಅದೇ ದಿನಗಳಲ್ಲಿ ನಮ್ಮಲ್ಲಿ ಭರಣಿ ಮುಗಿದು ಕೃತ್ತಿಕೆ ಮಳೆ ಹುಟ್ಟುತ್ತದೆ. ಮೇ ಒಂದರಂದು ಊರವರು ಒಬ್ಬರಿಗೊಬ್ಬರು 'ಮ್ಯುಗೆ' ಎಂಬ ಬಿಳಿಯ ಗಂಟೆಯಾಕಾರದ ಹೂವಿನ ಕಡ್ಡಿಯನ್ನು ಶುಭವಾಗಲೆಂದು ಕೊಡುತ್ತಾರೆ. ನಮ್ಮ ಬಾಗಿಲಿಗೂ ಎರಡು ಕಡ್ಡಿ ಬಂದವು.

ಇಷ್ಟೆಲ್ಲ ಬೆರೆತಿದ್ದರೂ ಒಂದು ನೋವು ಅವರಲ್ಲಿತ್ತು. 2020ರ ಜನವರಿ 31ರಂದು ಬ್ರಿಟನ್ ಯುರೋಪಿಯನ್ ಒಕ್ಕೂಟವನ್ನು ಬಿಟ್ಟಿತು. ಮೊದಲೇ ನೆಲೆಸಿದ್ದವರಿಗೆ ವಾಸದ ಹಕ್ಕು ಉಳಿಯಿತು. ಊರಿನ ಪುರಸಭೆಗೆ ಮತ ಹಾಕುವ ಹಕ್ಕು ಹೋಯಿತು. ಬೇಸಗೆಮನೆ ಇಟ್ಟುಕೊಂಡ ಅವರ ಸ್ನೇಹಿತರ ಪಾಡು ಇನ್ನೂ ಬೇರೆ. ಮಾರ್ಚ್‌ನಲ್ಲಿ ಬಂದು ಕಿಟಕಿಗಳನ್ನು ತೆರೆಯುತ್ತಾರೆ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ದಿನಗಳಿಗೆ ಗೀಟು ಹಾಕುತ್ತಾರೆ. ವೀಸಾ ಇಲ್ಲದೆ ನೂರೆಂಬತ್ತು ದಿನಗಳಲ್ಲಿ ತೊಂಬತ್ತಕ್ಕಿಂತ ಹೆಚ್ಚು ಅವರು ಅಲ್ಲಿರುವಂತಿಲ್ಲ. ತಮ್ಮದೇ ಮನೆಯಲ್ಲಿ! ನಮ್ಮ ವೀಸಾದ ಮಿತಿಯೂ ತೊಂಬತ್ತೇ ದಿನ. ಒಮ್ಮೆ ಚಹಾ ಕುಡಿಯುತ್ತ ಯಾರಿಗೆ ಎಷ್ಟು ದಿನ ಉಳಿದಿದೆ ಎಂದು ಲೆಕ್ಕ ಹಾಕಿಕೊಂಡು ನಕ್ಕೆವು. ಒಂದಾನೊಂದು ಕಾಲಕ್ಕೆ ನಮ್ಮನ್ನಾಳಿದವರೂ ನಾವೂ ಒಂದೇ ಸಾಲಿನಲ್ಲಿ ನಿಂತಿದ್ದೆವು.

ಹೊರಡುವ ವಾರ ಮಗ ಹೇಳಿದ: "ಅಪ್ಪಯ್ಯ, ನಾವು ಇಲ್ಲಿಯೇ ಮನೆ ಕೊಳ್ಳುತ್ತಿದ್ದೇವೆ." ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾಲ್ಕು ತಲೆಮಾರಿನ ಅಡಿಕೆ ತೋಟ, ನಡುವಂಕಣದ ಮನೆ ಕಣ್ಣ ಮುಂದೆ ಬಂದವು. ಆ ರಾತ್ರಿ ನಾವಿಬ್ಬರೂ ನಿದ್ರಿಸಲಿಲ್ಲ. ಬೆಳಿಗ್ಗೆ ಮೊಮ್ಮಗಳು ಆ ವೃದ್ಧ ರೈತರೊಡನೆ ಬೇಲಿಯ ಬಳಿ ನಿಂತು ಹರಟುತ್ತಿದ್ದಳು. ಯಾವ ಹಕ್ಕಿ ಬಂದಿದೆ, ಯಾವುದು ಬರಬೇಕು ಎಂಬ ಮಾತು. ಆಕೆಗೆ ಅಲ್ಲಿನ ಚೈತ್ರ ಗೊತ್ತಿದೆ. "ಕೊಳ್ಳು" ಎಂದೆ ಮಗನಿಗೆ.

ವರದಹಳ್ಳಿಗೆ ಹಿಂದಿರುಗಿದ ಮೇಲೆ ಕಂಡದ್ದೇನು? ನಮ್ಮ ಕೇರಿಯಲ್ಲೂ ಬೀಗ ಹಾಕಿದ ಮನೆಗಳು. ಏಪ್ರಿಲ್ ರಜೆಗೆ ಬೆಂಗಳೂರಿನಿಂದ ಬಂದ ಮಕ್ಕಳು ನಾಲ್ಕು ದಿನ ಬಾಗಿಲು ತೆಗೆದು, ಅಪ್ಪೆಮಿಡಿಯ ಜಾಡಿ, ಹಲಸಿನ ಹಪ್ಪಳದ ಕಟ್ಟು ಹಿಡಿದು ಹೋಗಿಯಾಗಿತ್ತು. ಆದರೆ ಊರು ಬರಿದಾಗಿಲ್ಲ. ತೋಟದ ಕೆಲಸಕ್ಕೆ ಬಯಲುಸೀಮೆಯಿಂದ ಬಂದ ಕುಟುಂಬಗಳಿವೆ. ಅವರನ್ನು ನಾವು ಇನ್ನೂ 'ಹೊರಗಿನವರು' ಎನ್ನುತ್ತೇವೆ. ನಮ್ಮ ಊರಿನ ಹೆಸರನ್ನು ನಾಡಿಗೆಲ್ಲ ತಿಳಿಸಿದ ಶ್ರೀಧರ ಸ್ವಾಮಿಗಳಾದರೂ ಯಾರು? 1908ರಲ್ಲಿ ಇಂದಿನ ಕಲಬುರಗಿ ಜಿಲ್ಲೆಯ ಲಾಡ ಚಿಂಚೋಳಿಯಲ್ಲಿ ಜನಿಸಿದ, ಮರಾಠಿ ಮನೆಮಾತಿನವರು. ಸಜ್ಜನಗಡದಲ್ಲಿ ಸಾಧನೆ ಮಾಡಿ ಬಂದವರು. 1973ರ ಚೈತ್ರದಲ್ಲಿ ದೇಹ ಬಿಟ್ಟದ್ದು ಇಲ್ಲಿ. ಅವರನ್ನು ಯಾರೂ ಹೊರಗಿನವರೆಂದು ಕರೆದದ್ದು ನಾನು ಕೇಳಿಲ್ಲ.

ನಮ್ಮ ಮನೆಯ ಹಿಂದಿನ ಬಿಡಾರದಲ್ಲೀಗ ಕೊಪ್ಪಳದ ಕಡೆಯ ದಂಪತಿಗಳಿದ್ದಾರೆ. ಮುಂದಿನ ಚೈತ್ರಕ್ಕೆ ಮೊದಲೇ, ಗೊರಟು ಬಲಿಯುವ ಮುನ್ನ ತೊಟ್ಟು ಮುರಿಯದಂತೆ ಮಿಡಿ ಕೊಯ್ದು ಉಪ್ಪಿಗೆ ಹಾಕುವುದನ್ನು ಆ ಮನೆಯ ಹುಡುಗಿಗೆ ನನ್ನ ಪತ್ನಿ ಕಲಿಸಿದಳು. ಸೊನೆ ಹೋದರೆ ಪರಿಮಳವೂ ಹೋಯಿತೆಂಬ ಗುಟ್ಟನ್ನೂ ಹೇಳಿದಳು. ಸಂಜೆ ನಾನು ಲೆಕ್ಕ ಹೇಳಿಕೊಡುತ್ತೇನೆ. ತೋಟ ಮುಂದೆ ಯಾರ ಕೈಗೆ ಹೋಗುವುದೋ, ಅದನ್ನು ಬಲ್ಲವರು ಊರಿನಲ್ಲಿ ಒಬ್ಬರಾದರೂ ಇರಲಿ.

ದೂರದಲ್ಲಿರುವ ಶಿಷ್ಯರೇ, ನೀವು ನೆಲೆಸಿದ ಊರಿನಲ್ಲಿ ಸಸಿ ಯಾವಾಗ ನೆಡಬೇಕೆಂದು ಪಕ್ಕದ ಮನೆಯ ಹಿರಿಯರನ್ನು ಕೇಳಿ ತಿಳಿಯಿರಿ. ಇಲ್ಲಿ ನಿಮ್ಮ ಮನೆಗೆ ಬೀಗವಿದ್ದರೆ, ಕೀಲಿಕೈಯನ್ನು ನಂಬಿಗಸ್ಥರಿಗೆ ಕೊಟ್ಟು ಒಂದು ಸಂಸಾರವನ್ನು ಇರಗೊಡಿ. ಒಲೆ ಉರಿಯದ ಮನೆ ಮಲೆನಾಡಿನ ಎರಡು ಮಳೆಗಾಲವನ್ನೂ ತಾಳುವುದಿಲ್ಲ.