ವಾರಂಟಿ ಪೇಪರ್ ಓದಿ ಹೇಳು ಅಂದ್ರು ಅಪ್ಪ

ಹೋದ ಸೆಪ್ಟೆಂಬರ್ ಕೊನೆಯಲ್ಲಿ ನಮ್ಮ ಮನೆಗೆ ಮೊದಲ ಕಾರು ಬಂತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿಯಿತಲ್ಲ, ಅಪ್ಪ ಅದಕ್ಕೇ ಕಾದು ಕೂತಿದ್ದರು. ಆಯುಧಪೂಜೆಗೆ ಗಾಡಿ ಮನೆ ಮುಂದೆ ಇರಬೇಕು ಅನ್ನೋದು ಅಮ್ಮನ ಕಂಡೀಷನ್. ನಾನು ಹಾಸ್ಟೆಲ್‌ನಿಂದ ರಾಮನಗರಕ್ಕೆ ಬಂದಿದ್ದೇ ಶೋರೂಮಿಗೆ ಹೋಗೋಕೆ. ಕಲರ್ ನಾನು ಸೆಲೆಕ್ಟ್ ಮಾಡ್ತೀನಿ ಅಂದುಕೊಂಡಿದ್ದೆ. ಆದರೆ ನನಗೆ ಸಿಕ್ಕ ಕೆಲಸ ಬೇರೆ.

ಕೊಟೇಷನ್ ಶೀಟಿನಲ್ಲಿ ಎಕ್ಸ್‌ಶೋರೂಮ್ ಬೆಲೆ, ರೋಡ್ ಟ್ಯಾಕ್ಸ್, ಇನ್ಶೂರೆನ್ಸ್, ಫಾಸ್ಟ್ಯಾಗ್ ಎಲ್ಲಾ ಆದಮೇಲೆ 'ಇ.ಡಬ್ಲ್ಯೂ. 4+5' ಅಂತ ಒಂದು ಲೈನು, ಅದರ ಮುಂದೆ ₹17,800. ಇದೇನು ಅಂತ ಕೇಳಿದೆ. "ಎಕ್ಸ್‌ಟೆಂಡೆಡ್ ವಾರಂಟಿ ಸರ್, ಎಲ್ಲರೂ ತಗೋತಾರೆ" ಅಂದರು ಎಕ್ಸಿಕ್ಯೂಟಿವ್. ನಾವು ಕೇಳಿರಲಿಲ್ಲ, ಅವರೇ ಸೇರಿಸಿದ್ದರು. ಕಂಪನಿಯಿಂದ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅಲ್ಲಿವರೆಗೆ ವಾರಂಟಿ ಹೇಗೂ ಇದೆ. ಈ ದುಡ್ಡು ಅದಾದ ಮೇಲಿನ ನಾಲ್ಕನೇ, ಐದನೇ ವರ್ಷಕ್ಕೆ.

ಅಪ್ಪ ಹದಿನಾಲ್ಕು ಪುಟದ ಬುಕ್‌ಲೆಟ್ ತೆಗೆದು ನನ್ನ ಕೈಗೆ ಕೊಟ್ಟರು. "ನೀನು ಇಂಜಿನಿಯರ್ ಅಲ್ವೇನೋ? ಓದಿ ಹೇಳು. ನೀನು ಬೇಕು ಅಂದ್ರೆ ಬೇಕು, ಬೇಡ ಅಂದ್ರೆ ಬೇಡ."

ಇಂಜಿನಿಯರ್! ಮೂರನೇ ಸೆಮ್ ಮೆಕ್ಯಾನಿಕಲ್ ಹುಡುಗನಿಗೆ ಲ್ಯಾಬಿನಲ್ಲಿ ಪಿಸ್ಟನ್ ಮುಟ್ಟೋಕೂ ಬಿಡಲ್ಲ.

ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದವನು ನಾನು. ಬುಕ್‌ಲೆಟ್‌ನ ಒಂದೊಂದು ಪದವೂ ಗೊತ್ತು. ಆದರೆ ಅಪ್ಪನಿಗೆ ಕನ್ನಡದಲ್ಲಿ ಹೇಳೋಕೆ ಹೋದಾಗ ನನಗೇ ಅರ್ಥ ಆಗಿಲ್ಲ ಅಂತ ಗೊತ್ತಾಯ್ತು. 'ವೇರ್ ಅಂಡ್ ಟೇರ್' ಕವರ್ ಆಗಲ್ಲ ಅಂತ ಬರೆದಿತ್ತು. "ಅಂದ್ರೆ... ಬಳಸ್ತಾ ಬಳಸ್ತಾ ಹಾಳಾಗೋದು" ಅಂದೆ. ಅಪ್ಪ ಒಂದು ಸೆಕೆಂಡ್ ಯೋಚನೆ ಮಾಡಿ, "ಸವೆತ ಅನ್ನು. ನಮ್ಮ ಬೇಸಿನ್ ಮೋಟರಿನ ಬೆಲ್ಟ್ ಥರ" ಅಂದರು. ಸರಿಯಾಗಿ ಅದೇ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಟೈರ್, ವೈಪರ್, ಬೆಲ್ಟ್, ಬಲ್ಬ್ ಇದ್ಯಾವುದೂ ಬರಲ್ಲ. ಅಪ್ಪ ನಕ್ಕರು. "ಹಾಳಾಗೋದೇ ಅವು. ಮತ್ತೆ ಬರೋದು ಏನು?"

ನಮ್ಮಪ್ಪ ರೀಲರ್. ಮನೆ ಹಿಂದೆ ಚಿಕ್ಕ ಬಿಚ್ಚಾಣಿಕೆ ಘಟಕ ಇದೆ. ದಿನಾ ಬೆಳಿಗ್ಗೆ ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋಗಿ ಲಾಟು ಲಾಟು ನೋಡಿಕೊಂಡು ಬಂದು ಮೊಬೈಲಿನಲ್ಲಿ ಬಿಡ್ ಹಾಕ್ತಾರೆ. ನಮ್ಮ ಕ್ಲಾಸಿನಲ್ಲಿ ರಾಮನಗರ ಅಂದ್ರೆ ಎಲ್ಲರೂ 'ಶೋಲೆ' ಅಂತಾರೆ (ಆ ಸಿನಿಮಾ ಬಂದಾಗ, 1975ರಲ್ಲಿ, ಅಪ್ಪ ಇನ್ನೂ ಹುಟ್ಟಿರಲಿಲ್ಲ). ನನಗೆ ರಾಮನಗರ ಅಂದ್ರೆ ಮಾರ್ಕೆಟ್ಟಿನ ಜಾಲರಿ ಬುಟ್ಟಿ, ಮನೆ ಹಿಂದೆ ಬೇಯುವ ಗೂಡಿನ ವಾಸನೆ. ಹಾಸ್ಟೆಲಿಗೆ ಬಂದಮೇಲೂ ಮೊದಲ ತಿಂಗಳು ಬಟ್ಟೆಯಿಂದ ಆ ವಾಸನೆ ಹೋಗಿರಲಿಲ್ಲ.

ಗೂಡು ಕೊಳ್ಳೋದು ಹೇಗೆ ಗೊತ್ತಾ? ಕೈಯಲ್ಲಿ ಹಿಡಿದು ಕಿವಿ ಹತ್ತಿರ ಅಲ್ಲಾಡಿಸ್ತಾರೆ, ಒಳಗಿನ ಹುಳ ಹೇಗಿದೆ ಅಂತ ಸದ್ದಿನಲ್ಲೇ ಗೊತ್ತಾಗುತ್ತೆ. ಒಂದು ಕೆಜಿ ರೇಷ್ಮೆಗೆ ಎಷ್ಟು ಕೆಜಿ ಗೂಡು ಬೇಕು ಅನ್ನೋದಕ್ಕೆ ರೆಂಡಿಟ್ಟ ಅಂತಾರೆ. ಏಳು ಬೀಳುತ್ತೆ ಅಂತ ತಂದ ಲಾಟು ಎಂಟಕ್ಕೆ ಹೋದರೆ ಅವತ್ತಿನ ಲಾಭ ನೀರಿಗೆ ಹೋಯ್ತು ಅಂತ ಲೆಕ್ಕ. ವಾಪಸ್ ಕೊಡೋಕೆ ಆಗಲ್ಲ. ಇಪ್ಪತ್ತು ವರ್ಷದಿಂದ ಯಾವ ವಾರಂಟಿಯೂ ಇಲ್ಲದೆ ದಿನಾ ವ್ಯಾಪಾರ ಮಾಡಿದ ಮನುಷ್ಯ, ಒಂದು ಕಾರಿನ ವಾರಂಟಿ ಬಗ್ಗೆ ನನ್ನನ್ನ ಕೇಳ್ತಿದ್ದಾರೆ! ಅದು ಯಾಕೆ ಅಂತ ಆ ಹೊತ್ತಿಗೆ ನನಗೆ ಹೊಳೆಯಲಿಲ್ಲ.

ಎರಡು ದಿನ ಟೈಮ್ ಕೇಳಿ ಬಂದ್ವಿ. ರಾತ್ರಿ ನೋಟ್‌ಬುಕ್ ತೆಗೆದೆ.

ಮೊದಲ ವಿಷಯ, ಆ ₹17,800 ನಿಜವಾಗಿ ₹17,800 ಅಲ್ಲ. ಅದನ್ನೂ ಲೋನಿಗೆ ಸೇರಿಸಿದ್ದರು. 9 ಪರ್ಸೆಂಟ್ ಬಡ್ಡಿ, 60 ತಿಂಗಳು ಅಂದರೆ ತಿಂಗಳಿಗೆ ಸುಮಾರು ₹370, ಒಟ್ಟು ₹22,000 ಚಿಲ್ಲರೆ. ಮೂರು ವರ್ಷ ಆದಮೇಲೆ ಶುರುವಾಗೋ ಸರ್ವಿಸಿಗೆ ಇವತ್ತಿನಿಂದಲೇ ಬಡ್ಡಿ.

ಎರಡನೆಯದು ಓಡಾಟ. ನಮ್ಮ ಗಾಡಿ ಎಷ್ಟು ಓಡಬಹುದು? ವಾರಕ್ಕೊಮ್ಮೆ ಮಾಗಡಿ ಕಡೆ ತಾತನ ಊರು, ಆಗಾಗ ಚನ್ನಪಟ್ಟಣದ ಅತ್ತೆ ಮನೆ, ಕನಕಪುರದಲ್ಲಿ ಮದುವೆ ಮುಂಜಿ, ತಿಂಗಳಿಗೊಮ್ಮೆ ಬೆಂಗಳೂರು. ಎಲ್ಲಾ ಸೇರಿಸಿ 800 ಕಿ.ಮೀ. ಅಂದುಕೊಂಡರೂ ಮೂರು ವರ್ಷಕ್ಕೆ 29 ಸಾವಿರ ದಾಟಲ್ಲ. ಅದೇ ದಿನಕ್ಕೆ 200 ಕಿ.ಮೀ. ಓಡಿಸೋರಿಗೆ ಲಕ್ಷ ಕಿಲೋಮೀಟರ್ 500 ದಿನಕ್ಕೆ ಖಾಲಿ. ಅವರ ಲೆಕ್ಕವೇ ಬೇರೆ, ನಮ್ಮದೇ ಬೇರೆ.

ಮೂರನೆಯದು ಮಾವ ಹೇಳಿಕೊಟ್ಟಿದ್ದು. ಅವರು ಬಿಡದಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪಾರ್ಟ್ಸ್ ಮಾಡೋ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ನೋಡ್ತಾರೆ. ಫೋನ್ ಮಾಡಿದಾಗ, "ಬಾತ್‌ಟಬ್ ಕರ್ವ್ ಓದಿಲ್ವೇನೋ ಇನ್ನೂ?" ಅಂತ ರೇಗಿಸಿದರು. ಯಾವುದೇ ಮಷಿನ್ ಶುರುವಿನಲ್ಲಿ ಜಾಸ್ತಿ ಕೆಡುತ್ತೆ, ಜೋಡಣೆಯಲ್ಲಿ ಏನೋ ತಪ್ಪಿರುತ್ತೆ, ಪಾರ್ಟೇ ಸರಿ ಇರಲ್ಲ. ಅದಾದ ಮೇಲೆ ಬಹಳ ಕಾಲ ತಣ್ಣಗಿರುತ್ತೆ. ಕೊನೆಯಲ್ಲಿ ಸವೆದು ಸವೆದು ಮತ್ತೆ ಕೆಡೋದು ಜಾಸ್ತಿ ಆಗುತ್ತೆ. ಗ್ರಾಫ್ ಹಾಕಿದರೆ ಸ್ನಾನದ ತೊಟ್ಟಿ ಥರ ಕಾಣುತ್ತೆ. ಶುರುವಿನ ಏರಿಕೆ ಕಂಪನಿಯ ವಾರಂಟಿಯೊಳಗೇ ಮುಗಿಯುತ್ತೆ. ಕೊನೆಯ ಏರಿಕೆ ಬರೋ ಹೊತ್ತಿಗೆ ಎಕ್ಸ್‌ಟೆಂಡೆಡ್ಡೂ ಮುಗಿದಿರುತ್ತೆ. "ಅವರು ನಿಮಗೆ ಮಾರೋದು ತೊಟ್ಟಿಯ ತಳವನ್ನ" ಅಂದರು ಮಾವ.

ಹಾಗಂತ ತಳದಲ್ಲಿ ಏನೂ ಆಗಲ್ಲ ಅಂತಲ್ಲ. ಎಸಿ ಕಂಪ್ರೆಸರ್ ಹೋಗಬಹುದು, ಇಸಿಯು ಹೋಗಬಹುದು, ಸ್ಟೀರಿಂಗ್ ಮೋಟರ್ ಹೋಗಬಹುದು. ಒಂದು ದೊಡ್ಡ ರಿಪೇರಿಗೆ ₹30,000 ಅಂತ ಇಟ್ಟುಕೊಂಡೆ. ಆಗ ನಮ್ಮ ₹22,000 ವಸೂಲಾಗಬೇಕು ಅಂದರೆ ಆ ಎರಡು ವರ್ಷದಲ್ಲಿ ಅಂಥದ್ದೊಂದು ಆಗೋ ಸಾಧ್ಯತೆ 70 ಪರ್ಸೆಂಟ್‌ಗಿಂತ ಜಾಸ್ತಿ ಇರಬೇಕು. ಹೊಸ ಗಾಡಿ ಅಷ್ಟು ಕೆಡೋದಾದರೆ ಆ ಗಾಡಿಯನ್ನೇ ತಗೋಬಾರದು. ಪ್ರೊಬೆಬಿಲಿಟಿ ಯೂನಿಟ್ ಆಗ ತಾನೇ ನಡೀತಿತ್ತು. ಎಕ್ಸ್‌ಪೆಕ್ಟೆಡ್ ವ್ಯಾಲ್ಯೂ ನಿಜವಾಗಿ ಉಪಯೋಗಕ್ಕೆ ಬಂದ ಖುಷಿಯಲ್ಲಿ ಅಡಿಗೆರೆ ಎಳೆದು 'ಬೇಡ' ಅಂತ ಬರೆದೆ.

ಬೆಳಿಗ್ಗೆ ತಿಂಡಿ ತಿನ್ನುವಾಗ ಎಲ್ಲಾ ವಿವರಿಸಿದೆ. ಗ್ರಾಫ್ ಕೂಡ ತೋರಿಸಿದೆ. ಅಮ್ಮನಿಗೆ ಒಪ್ಪಿಗೆ ಆಗಲಿಲ್ಲ. "ಒಂದೇ ಸಲ ಲಕ್ಷ ಆದ್ರೆ? ಇವನ ಫೀಸ್ ಕಟ್ಟೋ ತಿಂಗಳಲ್ಲೇ ಆದ್ರೆ?" ಅಂದರು. ಅದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಸರಾಸರಿಯಲ್ಲಿ ನಷ್ಟವಾದರೂ ಜನ ಇನ್ಶೂರೆನ್ಸ್ ತಗೊಳ್ಳೋದು ಇದಕ್ಕೇ. ತಡೆಯೋಕಾಗದಷ್ಟು ದೊಡ್ಡ ಪೆಟ್ಟು ಒಂದೇ ಸಲ ಬೀಳಬಾರದು ಅಂತ. ನಾನು ಅಪ್ಪನ ಮುಖ ನೋಡಿದೆ. "ಮೂವತ್ತು ಸಾವಿರ ಒಂದು ಲಾಟು ಕೆಟ್ರೆ ಹೋಗುತ್ತೆ, ಅದನ್ನ ತಡ್ಕೋತೀನಿ. ದುಡ್ಡು ಬಿಡು" ಅಂದರು. ಆಮೇಲೆ ಇಡ್ಲಿ ಮುರೀತಾ, ತಲೆ ಎತ್ತದೇ ಕೇಳಿದರು:

"ರಾತ್ರಿ ಹನ್ನೊಂದು ಗಂಟೆಗೆ ಮಾಗಡಿ ರೋಡಲ್ಲಿ ನಿಂತ್ರೆ ಇವರು ಬರ್ತಾರಾ?"

2024ರ ಜೂನ್. ನಾನು ಸಿಇಟಿ ಕೌನ್ಸೆಲಿಂಗ್ ಟೆನ್ಷನ್‌ನಲ್ಲಿದ್ದೆ. ತಾತನಿಗೆ ಊರಲ್ಲಿ ಊಟ ಮಾಡ್ತಾ ಮಾಡ್ತಾ ಬಲಗೈ ಎತ್ತೋಕಾಗಲಿಲ್ಲ, ಮಾತು ತೊದಲೋಕೆ ಶುರುವಾಯ್ತು. ನಾವೆಲ್ಲಾ ಅವತ್ತು ಊರಲ್ಲೇ ಇದ್ವಿ. ಗೂಡು ಸಾಗಿಸೋ ನಮ್ಮ ಹಳೇ ವ್ಯಾನಿನಲ್ಲಿ ತಾತನನ್ನ ಮಲಗಿಸಿಕೊಂಡು ರಾಮನಗರದ ಕಡೆ ಹೊರಟೆವು. ಅರ್ಧ ದಾರಿಯಲ್ಲಿ ವ್ಯಾನ್ ನಿಂತುಹೋಯ್ತು. ಅಪ್ಪ ಬಾನೆಟ್ ಎತ್ತಿ ಮೊಬೈಲ್ ಲೈಟಲ್ಲಿ ಏನೇನೋ ಮಾಡಿದರು. ಆಂಬುಲೆನ್ಸಿಗೆ ಫೋನ್ ಮಾಡೋಣ ಅಂದರೆ ಅಲ್ಲಿ ನೆಟ್‌ವರ್ಕ್ ಇಲ್ಲ. ಒಂದು ಕಡೆ ಬಂಡೆ, ಒಂದು ಕಡೆ ಕುರುಚಲು ಕಾಡು, ಚಿರತೆ ಓಡಾಡೋ ಜಾಗ. ಅಜ್ಜಿ ತಾತನ ಕೈ ತಿಕ್ಕುತ್ತಾ ಕೂತಿದ್ದರು. ಎರಡು ಬೈಕ್ ಬಂದವು, ನಿಲ್ಲಿಸಲಿಲ್ಲ. ನಲವತ್ತು ನಿಮಿಷ ಆದಮೇಲೆ ಹಾಲಿನ ಟೆಂಪೋ ಒಂದು ಬಂತು. ಆ ಡ್ರೈವರ್ ಕ್ಯಾನುಗಳನ್ನ ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟ.

ತಾತ ಉಳಿದರು. ಬಲಗೈ ಇನ್ನೂ ಸರಿಯಾಗಿ ಬಂದಿಲ್ಲ. ಬೇಗ ಬಂದಿದ್ದರೆ ಏನಾಗ್ತಿತ್ತು ಅಂತ ಅಪ್ಪ ಡಾಕ್ಟರನ್ನ ಕೇಳಿದ್ದು ನನಗೆ ನೆನಪಿದೆ. ಡಾಕ್ಟರು ನೇರವಾಗಿ ಉತ್ತರ ಕೊಡಲಿಲ್ಲ. ಆಮೇಲೆ ಮನೆಯಲ್ಲಿ ಆ ವಿಷಯ ಯಾರೂ ಮಾತಾಡಲಿಲ್ಲ. ವ್ಯಾನ್ ಮಾರಿದರು. ಕಾರು ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ "ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಬಿಡಲ್ಲವಲ್ಲ" ಅಂತಿದ್ದರು. ಅದೂ ನಿಜವೇ, 2023ರ ಆಗಸ್ಟ್‌ನಿಂದ ಬಿಡಲ್ಲ. ನಾನೂ ಅದನ್ನೇ ನಂಬಿದ್ದೆ.

ನನ್ನ ನೋಟ್‌ಬುಕ್ಕಿನ ಎರಡು ಪುಟದಲ್ಲಿ ಅಪ್ಪನ ಪ್ರಶ್ನೆಗೆ ಉತ್ತರ ಇರಲಿಲ್ಲ. ಕೆಟ್ಟ ಪಾರ್ಟನ್ನ ದುಡ್ಡಿಲ್ಲದೆ ಹಾಕಿಕೊಡ್ತೀವಿ ಅನ್ನೋದಷ್ಟೇ ವಾರಂಟಿ. ಗಾಡಿ ನಿಲ್ಲಲ್ಲ ಅಂತ ಅದು ಹೇಳಲ್ಲ. ನಿಂತರೆ ಬರ್ತೀವಿ ಅಂತಲೂ ಹೇಳಲ್ಲ. ಬುಕ್‌ಲೆಟ್ ಮತ್ತೆ ತೆಗೆದು ಹುಡುಕಿದೆ. ರೋಡ್‌ಸೈಡ್ ಅಸಿಸ್ಟೆನ್ಸ್ ಬೇರೆಯದೇ ಸ್ಕೀಮು, ನಮ್ಮ ಗಾಡಿಗೆ ಮೊದಲ ವರ್ಷ ಜೊತೆಗೇ ಬರುತ್ತೆ, ಆಮೇಲೆ ವರ್ಷಕ್ಕೆ ಸಾವಿರದ ಚಿಲ್ಲರೆ ಕಟ್ಟಿ ಮುಂದುವರಿಸಬಹುದು. ಕೊಟೇಷನ್ನಿನಲ್ಲಿ ಅದರ ಸುದ್ದಿಯೇ ಇರಲಿಲ್ಲ. ಶೋರೂಮಿಗೆ ಫೋನ್ ಮಾಡಿ ಮಾಗಡಿ ರೋಡಿಗೆ ಎಷ್ಟೊತ್ತಿಗೆ ಬರ್ತೀರಾ ಅಂತ ಕೇಳಿದೆ. "ಲೊಕೇಶನ್ ಮೇಲೆ ಡಿಪೆಂಡ್ ಸರ್" ಅಂದರು. ಅಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಲೊಕೇಶನ್ ಕಳಿಸೋದು ಹೇಗೆ ಅನ್ನೋದಕ್ಕೆ ಅವರ ಹತ್ತಿರವೂ ಉತ್ತರ ಇರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ.

ಅಪ್ಪ ತಮ್ಮದೇ ರೀತಿಯಲ್ಲಿ ದಾರಿ ಮಾಡಿಕೊಂಡರು. ಮುಂದಿನ ಭಾನುವಾರ ಮಾಗಡಿ ರೋಡಲ್ಲಿ ಸಿಗೋ ಗ್ಯಾರೇಜು, ಪಂಕ್ಚರ್ ಅಂಗಡಿಗಳಲ್ಲೆಲ್ಲಾ ನಿಲ್ಲಿಸಿ, ಟೀ ಕುಡಿದು, ಮೂರು ಜನರ ನಂಬರ್ ಇಸಿದುಕೊಂಡು ಬಂದರು. ಎಲ್ಲೆಲ್ಲಿ ಸಿಗ್ನಲ್ ಬರುತ್ತೆ, ಎಲ್ಲಿ ಹೋಗುತ್ತೆ ಅಂತ ನನ್ನ ಕೈಯಲ್ಲಿ ಬರೆಸಿದರು. ಹಾಲಿನ ಟೆಂಪೋ ಯಾವ ಟೈಮಿಗೆ ಹೋಗುತ್ತೆ ಅನ್ನೋದನ್ನೂ. ಆ ಚೀಟಿ ಗ್ಲೋವ್ ಬಾಕ್ಸಿನಲ್ಲಿ ಆರ್‌ಸಿ ಜೊತೆ ಇದೆ.

ಎಕ್ಸ್‌ಟೆಂಡೆಡ್ ವಾರಂಟಿ ತಗೊಳ್ಳಲಿಲ್ಲ. ಸದ್ಯಕ್ಕೆ. ಬುಕ್‌ಲೆಟ್ಟಿನ ಹನ್ನೊಂದನೇ ಪುಟದಲ್ಲಿ ಸಣ್ಣಕ್ಷರದಲ್ಲಿ ಒಂದು ವಿಷಯ ಇತ್ತು. ಕಂಪನಿಯ ವಾರಂಟಿ ಮುಗಿಯೋದರೊಳಗೆ ಯಾವಾಗ ಬೇಕಾದರೂ ತಗೋಬಹುದು, ರೇಟು ಮಾತ್ರ ಏರುತ್ತಾ ಹೋಗುತ್ತೆ. ಮೂರನೇ ವರ್ಷದಲ್ಲಿ ತಗೊಂಡರೆ ಈಗಿನ ಪಟ್ಟಿ ಪ್ರಕಾರ ₹25,500. ಲೋನಿನ ಬಡ್ಡಿ ಸೇರಿಸಿದ ಇವತ್ತಿನ ರೇಟಿಗೂ ಅದಕ್ಕೂ ಮೂರೂವರೆ ಸಾವಿರದಷ್ಟೇ ವ್ಯತ್ಯಾಸ. ಅಷ್ಟೊತ್ತಿಗೆ ಗಾಡಿಯ ಗುಣ ಏನು ಅಂತ ನಮಗೇ ಗೊತ್ತಿರುತ್ತೆ. ಇದನ್ನ ಹೇಳಿದಾಗ ಅಪ್ಪ, "ಅಲ್ಲಾಡಿಸಿ ನೋಡಿ ತಗೋ ಅಂತೀಯ" ಅಂದರು. ಈ ಎಕ್ಸಿಕ್ಯೂಟಿವ್ "ಇವತ್ತೇ ಲಾಸ್ಟ್ ಸರ್" ಅಂತ ಯಾಕೆ ಹೇಳಿದರು ಅಂತ ನನಗೆ ಈಗಲೂ ಸಿಟ್ಟು ಬರುತ್ತೆ.

ಕಾರು ಚೆನ್ನಾಗಿದೆ. ಜನವರಿಯಲ್ಲಿ ಒಂದು ಸಲ ಹೆಡ್‌ಲೈಟ್ ಹತ್ತಲಿಲ್ಲ. ಬಾನೆಟ್ ತೆಗೆದರೆ ಇಲಿ ವೈರ್ ಕಡಿದಿತ್ತು. ರೀಲಿಂಗ್ ಮನೆ ಅಂದ್ರೆ ಬಿಚ್ಚಿ ಉಳಿದ ಹುಳ ಇರುತ್ತೆ, ಹುಳ ಇದ್ದಲ್ಲಿ ಇಲಿ ಇರುತ್ತೆ. ಇಲಿ ಯಾವ ವಾರಂಟಿಯಲ್ಲೂ ಬರಲ್ಲವಂತೆ. ₹2,300 ಕಟ್ಟಿ ಬಂದ ಅಪ್ಪ ನನಗೆ ಫೋನ್ ಮಾಡಿ, "ನಿನ್ನ ತೊಟ್ಟಿ ಗ್ರಾಫಲ್ಲಿ ಇಲಿ ಎಲ್ಲಿ ಬರುತ್ತೋ?" ಅಂತ ಕೇಳಿದರು. ಈಗ ಗಾಡಿ ಮನೆ ಮುಂದೆ ನಿಲ್ಲುತ್ತೆ, ಹಿಂದೆ ಅಲ್ಲ.

ಬಿಚ್ಚಾಣಿಕೆ ಮನೆಯ ಗೋಡೆಯ ಮೇಲೆ ಅಪ್ಪ ಪೆನ್ಸಿಲಲ್ಲಿ ಲಾಟಿನ ಲೆಕ್ಕ ಬರೀತಾರೆ. ಹೋದ ವಾರ ಊರಿಗೆ ಹೋದಾಗ ನೋಡಿದೆ, ಬಾಗಿಲ ಪಕ್ಕ, ಮೋಟರ್ ಸ್ವಿಚ್ಚಿನ ಮೇಲೆ '2028 ಸೆಪ್ಟೆಂಬರ್ — ವಾರಂಟಿ' ಅಂತ ಬರೆದಿದ್ದಾರೆ. ಇದ್ಯಾಕೆ ಇಲ್ಲಿ ಅಂದೆ. "ದಿನಾ ಕಾಣುತ್ತೆ" ಅಂದರು. ಆಮೇಲೆ ಸ್ವಿಚ್ ಹಾಕ್ತಾ, "ಅಷ್ಟೊತ್ತಿಗೆ ನಿಂದು ಬಿಇ ಮುಗಿದಿರುತ್ತಲ್ಲ, ನೀನೇ ಕಟ್ಟು" ಅಂದರು.