ಅರ್ಕಾವತ್ತು

ಕನ್ನಡ ಅಧ್ಯಾಪಕನಾದವನಿಗೆ ನವೆಂಬರ್ ತಿಂಗಳು ಸುಗ್ಗಿಯ ಕಾಲ. ಊರಿನಲ್ಲಿ ಎಲ್ಲಿ ರಾಜ್ಯೋತ್ಸವ ನಡೆದರೂ ಅಲ್ಲಿಗೊಬ್ಬ ಭಾಷಣಕಾರ ಬೇಕು. ಭಾಷಣಕಾರ ಅಗ್ಗಕ್ಕೆ ದೊರೆಯಬೇಕಾದರೆ ಕಾಲೇಜಿನ ಕನ್ನಡ ವಿಭಾಗಕ್ಕೆ ಬರಬೇಕು. ಒಂದು ಹಾರ, ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಇಷ್ಟಕ್ಕೆ ಪ್ರತಿಯಾಗಿ ನಾನು ಕನ್ನಡದ ಎರಡು ಸಾವಿರ ವರ್ಷಗಳ ಹಿರಿಮೆಯನ್ನು ನಲವತ್ತು ನಿಮಿಷಗಳಲ್ಲಿ ಹೇಳಿ ಮುಗಿಸುತ್ತೇನೆ. ಮನೆಗೆ ಬಂದು, ಶಾಲನ್ನು ಮಡಿಸಿಟ್ಟು, ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದರೆ ಆ ಹಿರಿಮೆಯ ಇನ್ನೊಂದು ಮುಖ ಕಾಣುತ್ತದೆ. ಕಳೆದ ನವೆಂಬರಿನಲ್ಲಿ ಬಿ.ಎ. ತರಗತಿಯ ಒಂದು ಕಟ್ಟಿನಲ್ಲಿ ಏಳು ಮಂದಿ ತಮ್ಮ ನಾಡಿನ ಹೆಸರನ್ನು ‘ಕನಾರ್ಟಕ’ ಎಂದು ಬರೆದಿದ್ದರು.

ಇಂಥ ತಪ್ಪುಗಳನ್ನು ಗುರುತು ಹಾಕಿಕೊಂಡು ಹೋಗಿ ಅಧ್ಯಾಪಕರ ಕೊಠಡಿಯಲ್ಲಿ ಓದಿ ನಗಿಸುವುದು ನನ್ನ ಹಳೆಯ ಚಾಳಿ. ಅರ್ಕಾವತ್ತು ಸ್ವಲ್ಪ ತುಂಟ ಗುರುತೆಂಬುದು ನಿಜ. ನಾಲಗೆಗೆ ಅದು ಮೊದಲು ಬರುತ್ತದೆ, ಲೇಖನಿಗೆ ಆಮೇಲೆ. ‘ನಾ’ ಅಕ್ಷರದ ಬೆನ್ನಿಗೆ ಒಂಬತ್ತರ ಅಂಕಿಯ ಹಾಗೆ ನಿಲ್ಲಬೇಕಾದದ್ದು ಒಂದು ಹೆಜ್ಜೆ ಜಾರಿ ಟಕಾರದ ಬೆನ್ನಿಗೆ ನಿಂತರೆ ನಾಡಿನ ಹೆಸರೇ ಕೆಟ್ಟಿತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟಾಗ ಎರಡನೆಯ ತರಗತಿಯ ಮಕ್ಕಳ ಕಷ್ಟವನ್ನು ಯಾರೂ ಯೋಚಿಸಿದಂತೆ ಕಾಣುವುದಿಲ್ಲ. ಮೈಸೂರು ಎಂದು ಬರೆಯುವುದಕ್ಕೆ ಯಾವ ಒತ್ತಿನ ಹಂಗೂ ಇರಲಿಲ್ಲ!

ಈ ಏಳು ಮಂದಿಯ ಕಥೆಯನ್ನು ಅಕ್ಕನಿಗೂ ಫೋನಿನಲ್ಲಿ ಹೇಳಿದೆ. ಅಕ್ಕ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿ. ಅವಳು ನಗಲಿಲ್ಲ. “ಆ ತಪ್ಪು ನಿನ್ನ ಬಿ.ಎ.ನಲ್ಲಿ ಹುಟ್ಟಿದ್ದಲ್ಲ ಕಣೋ. ಎರಡನೇ ಕ್ಲಾಸಿನಲ್ಲಿ, ದಸರಾ ರಜ ಆದಮೇಲೆ ಹುಟ್ಟಿದ್ದು. ಒಂದು ದಿನ ಬಂದು ನೋಡು,” ಎಂದಳು.

ಮುಂದಿನ ಶನಿವಾರ ರಜೆ ಹಾಕಿ ಹೊರಟೆ. ಮಗನ ಶಾಲೆಗೆ ಶನಿವಾರ ಬಿಡುವು; ಅವನೂ ಜೊತೆಗೆ ಬಂದ. ದಾರಿಯ ಎರಡು ಕಡೆಯೂ ಕಬ್ಬಿನ ಗದ್ದೆ, ಗಾಳಿಯಲ್ಲಿ ಆಲೆಮನೆಯ ಬೆಲ್ಲದ ಕಂಪು.

ಎರಡನೆಯ ತರಗತಿಯೆಂದರೆ ಸಾಲಾಗಿ ಕುಳಿತ ಮಕ್ಕಳು, ಮೇಜು, ಬೆತ್ತ ಎಂದು ನನ್ನ ಕಾಲದ ಚಿತ್ರವನ್ನೇ ತಲೆಯಲ್ಲಿಟ್ಟುಕೊಂಡು ಹೋಗಿದ್ದೆ. ಅಲ್ಲಿ ಬೆತ್ತವೂ ಇರಲಿಲ್ಲ, ಸಾಲೂ ಇರಲಿಲ್ಲ. ಒಂದು, ಎರಡು, ಮೂರನೆಯ ತರಗತಿಯ ಇಪ್ಪತ್ತನಾಲ್ಕು ಮಕ್ಕಳು ಒಂದೇ ಕೋಣೆಯಲ್ಲಿ ಐದು ಗುಂಪಾಗಿ ನೆಲದ ಮೇಲೆ ಕುಳಿತಿದ್ದರು. ಅಕ್ಕ ಒಂದು ಗುಂಪಿನ ನಡುವೆ ಕುಳಿತಿದ್ದಳು. ಉಳಿದವರಿಗೆ ಅವಳ ಹಂಗು ಅಷ್ಟಾಗಿ ಇದ್ದಂತೆ ತೋರಲಿಲ್ಲ. ಗೋಡೆಯ ಉದ್ದಕ್ಕೂ ಮಕ್ಕಳ ಎತ್ತರಕ್ಕೆ ಕರಿಹಲಗೆ ಬಳಿದಿತ್ತು. ತಲೆಯ ಮೇಲೆ ದಾರದ ಚಪ್ಪರ; ಅದರಿಂದ ಮಕ್ಕಳು ಬರೆದ ಚಿತ್ರಗಳು ನೇತಾಡುತ್ತಿದ್ದವು. ಒಬ್ಬ ಹುಡುಗ ಬಾಗಿಲಾಚೆಗೆ ಹೋಗಿ, ಆಕಾಶವನ್ನು ಗಂಭೀರವಾಗಿ ಪರೀಕ್ಷಿಸಿ ಬಂದು, ಹವಾಮಾನದ ಪಟದಲ್ಲಿ ಆ ದಿನದ ಮನೆಗೆ ಒಂದು ಮೋಡ ಬರೆದ.

ಇದು ‘ನಲಿ-ಕಲಿ’. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಮೊದಲಾಯಿತು. ಅಲ್ಲಿನ ಮೇಷ್ಟ್ರುಗಳು ಆಂಧ್ರದ ಋಷಿವ್ಯಾಲಿಗೆ ಹೋಗಿ ನೋಡಿ ಬಂದು ತಮ್ಮ ಶಾಲೆಗೆ ಹೊಂದಿಸಿಕೊಂಡ ಕ್ರಮ. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಇಷ್ಟು ನನಗೆ ಗೊತ್ತಿತ್ತು. ಇದರಲ್ಲಿ ವರ್ಣಮಾಲೆಯನ್ನು ಅ, ಆ, ಇ, ಈ ಎಂದು ಕಲಿಸುವುದಿಲ್ಲ. ರ, ಗ, ಸ, ದ, ಅ ಎಂದು ಮೊದಲುಮಾಡುತ್ತಾರೆ ಎಂಬುದೂ ಗೊತ್ತಿತ್ತು. ಕೇಶಿರಾಜನನ್ನು ಪಾಠ ಹೇಳುವ ನನಗೆ ಇದು ಅಕ್ಷರಮಾಲೆಗೆ ಮಾಡಿದ ಅಪಚಾರವೆಂದೇ ಅನ್ನಿಸಿತ್ತು. ಅಂದು ಒಂದನೆಯ ತರಗತಿಯ ಪೋರನೊಬ್ಬ ಆ ಐದೇ ಅಕ್ಷರಗಳಿಂದ ಅರಸ, ಅಗಸ, ಗರಗಸ, ದಸರ ಎಂದು ಬರೆದು ನನ್ನ ಮುಖ ನೋಡಿದ. ನಾನು ಒಂದನೆಯ ತರಗತಿಯಲ್ಲಿ ಐದು ಅಕ್ಷರ ಕಲಿತಾಗ ಅ, ಆ, ಇ, ಈ, ಉಗಳಿಂದ ಏನು ಬರೆಯಬಲ್ಲವನಾಗಿದ್ದೆ? ಅಪಚಾರದ ಮಾತನ್ನು ಅಲ್ಲಿಗೇ ಬಿಟ್ಟೆ.

ವರ್ಷದ ನಡುಭಾಗ ಎರಡನೆಯ ತರಗತಿಗೆ ಕಣಿವೆಯ ದಾರಿ ಎಂದು ಅಕ್ಕ ಹೇಳಿದಳು. ದಸರಾದವರೆಗೆ ಮಕ್ಕಳು ಗುಣಿತಾಕ್ಷರಗಳ ಬಯಲಿನಲ್ಲಿ ಓಡುತ್ತಿರುತ್ತಾರೆ. ಆಮೇಲೆ ಒತ್ತಕ್ಷರ ಎದುರಾಗುತ್ತದೆ. ಲೆಕ್ಕದಲ್ಲಿ ದಶಕ ಬಿಡಿಸಿ ಕಳೆಯುವುದು ಎದುರಾಗುತ್ತದೆ. ‘ಅಕ್ಕಿ’ ಎಂಬ ಪುಟ್ಟ ಮಾತನ್ನೇ ನೋಡಿ: ಗುಡಿಸು ಮೇಲಿನ ಕಕಾರದ ತಲೆಯ ಮೇಲೆ, ಸ್ವರ ಹೊರಡುವುದು ಕೆಳಗಿನ ಒತ್ತು ಮುಗಿದ ಮೇಲೆ. ಕಂಡದ್ದನ್ನು ಕಂಡ ಹಾಗೆ ಓದುತ್ತಿದ್ದ ಮಗು ಮೊದಲ ಸಲ ಕಣ್ಣಿಗೂ ನಾಲಗೆಗೂ ಜಗಳವನ್ನು ಕಾಣುವುದು ಇಲ್ಲಿ. “ಕೆಲವರು ವಾರದಲ್ಲಿ ದಾಟುತ್ತಾರೆ, ಕೆಲವರಿಗೆ ಎರಡು ತಿಂಗಳು ಬೇಕು. ಇಲ್ಲಿ ಕೈಬಿಟ್ಟರೆ ಮುಂದೆ ಬಾಯಿಪಾಠ ಮಾಡಿ ಪಾಸಾಗುತ್ತಾ ನಿನ್ನ ಹತ್ತಿರ ಬರ್ತಾರೆ. ಆಗ ನೀನು ನಗ್ತೀಯ,” ಎಂದಳು.

ಈಗ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನನ್ನ ಮಗನೂ ಎರಡನೆಯ ತರಗತಿಯವನೇ. ಆದರೆ ಓದುವುದು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ. ಕನ್ನಡ ಅವನಿಗೆ ಎರಡನೆಯ ಭಾಷೆ. ಇನ್ನೂ ಕಾಗುಣಿತ ನಕಲು ಮಾಡುತ್ತಿದ್ದಾನೆ. ‘ಮನೆಯಲ್ಲಿ ನಾನಿದ್ದೇನಲ್ಲ, ಕನ್ನಡ ತಾನಾಗಿ ಬರುತ್ತದೆ’ ಎಂಬುದು ನಾನು ಎಲ್ಲರಿಗೂ ಕೊಡುತ್ತಿದ್ದ ಸಮಾಧಾನ. ನಾನಾದರೋ ಸಂಜೆಯ ಹೊತ್ತು ಮನೆಯಲ್ಲಿರುವುದು ಕಡಮೆ; ಕನ್ನಡದ ಉಳಿವನ್ನು ಕುರಿತು ಎಲ್ಲಾದರೂ ಮಾತನಾಡುತ್ತಿರುತ್ತೇನೆ.

ಅಕ್ಕ ಅವನನ್ನು ಒಂದು ಗುಂಪಿಗೆ ಸೇರಿಸಿದಳು. ಲೆಕ್ಕದಲ್ಲಿ ಅವನು ಜಾಣ. ಮೂವತ್ತೆರಡರಲ್ಲಿ ಹದಿನೇಳು ಹೋದರೆ ಎಷ್ಟೆಂದು ಕೇಳುವಷ್ಟರಲ್ಲಿ ಹದಿನೈದೆಂದ. ಉಳಿದವರು ಹತ್ತು ಹತ್ತು ಕಡ್ಡಿಯ ಕಟ್ಟುಗಳನ್ನಿಟ್ಟುಕೊಂಡು, ಒಂದು ಕಟ್ಟು ಬಿಚ್ಚಿ, ಎಣಿಸಿ, ನಿಧಾನವಾಗಿ ಅದೇ ಹದಿನೈದಕ್ಕೆ ಬಂದರು. ನನ್ನ ಎದೆ ಕೊಂಚ ಉಬ್ಬಿತು. ಅನಂತರ ಓದುವ ಕಾರ್ಡು ಬಂದಿತು. ‘ಅಜ್ಜಿ’ ಎಂಬಲ್ಲಿಗೆ ಅವನು ನಿಂತ. ‘ಅಜಿ’ ಎಂದ. ಮಕ್ಕಳು ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಅವನು ತಲೆಯೆತ್ತಿ ನನ್ನನ್ನು ನೋಡಿದ. ಉತ್ತರ ಕೇಳುವ ನೋಟವಲ್ಲ ಅದು. ನಾನು ನೋಡಿದೆನೋ ಇಲ್ಲವೋ ಎಂದು ತಿಳಿಯುವ ನೋಟ. ನಾನು ಚಪ್ಪರದ ಚಿತ್ರಗಳನ್ನು ನೋಡುತ್ತಿರುವವನಂತೆ ನಟಿಸಿದೆ.

ಅವನ ಪಕ್ಕದಲ್ಲಿ ಒಬ್ಬ ಹುಡುಗಿ ಮೂರು ವರ್ಷದ ತಂಗಿಯನ್ನು ಬೆನ್ನಿಗೆ ಒರಗಿಸಿಕೊಂಡು ಕುಳಿತಿದ್ದಳು. ಬಳ್ಳಾರಿ ಕಡೆಯವಳು, ತಂದೆತಾಯಿ ಕಬ್ಬು ಕಡಿಯಲು ಬಂದು ಗದ್ದೆಯ ಬದಿಯಲ್ಲಿ ಗುಡಿಸಲು ಹಾಕಿದ್ದಾರೆ. ದಸರಾ ಕಳೆದು ಶಾಲೆಗೆ ಸೇರಿದವಳು. ಅವಳು ಅವನ ಕಾರ್ಡಿನ ಮೇಲೆ ಬೆರಳಿಟ್ಟು, “ಮ್ಯಾಲಿಂದು ಅರ್ಧ ಅನ್ನು, ತೆಳಗಿಂದು ಪೂರಾ ಅನ್ನು,” ಎಂದಳು. ಅವನು ಅಂದ. ಅಜ್ಜಿ ಬಂದಳು, ಅಕ್ಕಿ, ಹಣ್ಣು, ಬೆಲ್ಲ ಎಲ್ಲ ಬಂದವು. ಕಡೆಗೆ ಗೋಡೆಯ ಮೇಲಿನ ‘ಕರ್ನಾಟಕ’ ಬಂದಿತು. ಅವನು ‘ಕನಾ...’ ಎಂದು ತಡವರಿಸಿದ. ಆಗ ಅವಳು ಹೇಳಿದ ಮಾತನ್ನು ಯಾವ ವ್ಯಾಕರಣದಲ್ಲಿಯೂ ನಾನು ಓದಿಲ್ಲ:

“ಅದು ನನ್ನ ತಂಗಿ ಹಂಗ. ಸುಮ್ಮನಿದ್ದಾಗ ನನ್ನ ಹಿಂದ ನಿಂದರ್ತಾಳ. ಊಟಕ್ಕ ಕರದ್ರ ನನಗಿಂತ ಮೊದಲ ಓಡ್ತಾಳ.”

ಬರೆದಿಟ್ಟಾಗ ಹಿಂದೆ, ಬಾಯಿಗೆ ಬಂದಾಗ ಮುಂದೆ. ಹದಿನೆಂಟು ವರ್ಷ ಕನ್ನಡ ಪಾಠ ಹೇಳಿದ ನಾನು ಆ ಏಳು ಮಂದಿಗೆ ಕೆಂಪು ಶಾಯಿಯ ಒಂದು ಸುತ್ತನ್ನಲ್ಲದೆ ಬೇರೇನನ್ನೂ ಕೊಟ್ಟಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಅಕ್ಕ ಗೋಡೆಯ ಮೇಲಿನ ಕಲಿಕೆಯ ಏಣಿಯನ್ನು ತೋರಿಸಿದಳು. ಪ್ರತಿಯೊಂದು ಮಗುವೂ ತಾನು ನಿಂತ ಮೆಟ್ಟಿಲನ್ನು ಬಲ್ಲದು. ಹತ್ತು ದಿನ ಜ್ವರ ಬಂದು ಮಲಗಿದರೂ ಬಿಟ್ಟ ಮೆಟ್ಟಿಲಿನಿಂದಲೇ ಮುಂದಕ್ಕೆ ಹತ್ತುತ್ತದೆ. “ಆ ಹುಡುಗಿ?” ಎಂದು ಕೇಳಿದೆ. “ಕಬ್ಬು ಮುಗಿಯುವ ತನಕ ಇರ್ತಾಳೆ. ಆಮೇಲೆ ಯಾವ ಊರೋ, ಅಲ್ಲಿ ಶಾಲೆಗೆ ಕಳಿಸ್ತಾರೋ ಇಲ್ಲವೋ. ಯಾವ ಮೆಟ್ಟಿಲು ಅಂತ ಒಂದು ಚೀಟಿ ಬರೆದು ಕೊಡ್ತೀನಿ,” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವಳನ್ನ ಇಲ್ಲಿಂದ ಎಬ್ಬಿಸೋದು ಹೊಟ್ಟೆಪಾಡು. ನಿನ್ನ ಮಗನಿಗೆ ಅಂಥದ್ದೇನಾಗಿತ್ತು?” ಎಂದಳು. ಅಕ್ಕನೆದುರು ಭಾಷಣ ಮಾಡುವುದು ನನಗೆ ಅಭ್ಯಾಸವಿಲ್ಲ.

ಹಿಂದಿರುಗುವಾಗ ಬಸ್ಸಿನ ಪಕ್ಕೆಯ ಮೇಲೆ ಬರೆದಿದ್ದುದನ್ನು ಮಗ ಬೆರಳಿಟ್ಟು ಓದಿದ: “ಕ... ರ್ನಾ... ಟಕ ಸಾರಿಗೆ.” ಕಂಡಕ್ಟರು ಹತ್ತಿ ಹತ್ತಿ ಎಂದು ಅವಸರಪಡಿಸುತ್ತಿದ್ದ, ಓದು ಮುಗಿಯುವ ತನಕ ನಾನು ಹತ್ತಲಿಲ್ಲ. ಆ ತಿಂಗಳು ಒಪ್ಪಿಕೊಂಡಿದ್ದ ಎರಡು ಭಾಷಣಗಳಿಗೆ ಹೋಗಲಿಲ್ಲ. ಈಗ ಸಂಜೆ ಅರ್ಧ ಗಂಟೆ ನಾವಿಬ್ಬರೂ ಕುಳಿತು ಓದುತ್ತೇವೆ. ಮೆಟ್ಟಿಲು ನಿಧಾನ, ಆದರೂ ಹತ್ತುತ್ತಿದ್ದೇವೆ.

ಫೆಬ್ರವರಿಯಲ್ಲಿ ಅಕ್ಕ ಫೋನು ಮಾಡಿದಳು. ಗದ್ದೆಯ ಬದಿಯ ಗುಡಿಸಲುಗಳು ರಾತ್ರೋರಾತ್ರಿ ಎದ್ದು ಹೋಗಿದ್ದವಂತೆ. ಚೀಟಿ ಕೊಡುವುದಕ್ಕೂ ಆಗಲಿಲ್ಲ. ಹಿಂದಿನ ದಿನ ಆ ಹುಡುಗಿ ಕೇಳಿ ಒಯ್ದಿದ್ದ ಒತ್ತಕ್ಷರದ ಕಾರ್ಡು ಮಾತ್ರ ತಟ್ಟೆಯಲ್ಲಿ ಇರಲಿಲ್ಲ.

“ಲೆಕ್ಕಕ್ಕೆ ಒಂದು ಕಾರ್ಡು ಕಡಮೆ,” ಎಂದಳು ಅಕ್ಕ. “ನಾನೇ ಇನ್ನೊಂದು ಬರೆದಿಟ್ಟಿದ್ದೀನಿ. ಅದು ಅವಳ ಹತ್ತಿರಾನೇ ಇರಲಿ.”