ಬರಿಗೈಯ ಸಂಜೆ

ಪೇಟೆಗೆ ಹೋಗುವವರಲ್ಲಿ ಎರಡು ಪಂಗಡ. ಏನನ್ನಾದರೂ ಕೊಳ್ಳಲೇಬೇಕೆಂದು ಹೋಗುವವರು ಒಂದು ಪಂಗಡ. ಏನನ್ನೂ ಕೊಳ್ಳಕೂಡದೆಂದು ಮನೆಯಲ್ಲಿಯೇ ಸಂಕಲ್ಪ ಮಾಡಿಕೊಂಡು ಹೋಗುವವರು ಇನ್ನೊಂದು ಪಂಗಡ. ಮೊದಲನೆಯವರು ಚೀಲ ತುಂಬಿಸಿಕೊಂಡು, ಜೇಬು ಬರಿದು ಮಾಡಿಕೊಂಡು, ಮುಖ ಸಪ್ಪಗೆ ಮಾಡಿಕೊಂಡು ಹಿಂದಿರುಗುತ್ತಾರೆ. ಎರಡನೆಯವರು ಬರಿಗೈಯಲ್ಲಿ ಬಂದರೂ ರಾತ್ರಿಯ ಊಟದ ಹೊತ್ತಿಗೆ ಅವರಲ್ಲಿ ಹೇಳಿಕೊಳ್ಳುವುದಕ್ಕೆ ಬೇಕಾದಷ್ಟಿರುತ್ತದೆ. ಬೆಂಗಳೂರಿನ ದೊಡ್ಡ ಮಾಲುಗಳ ಬಾಗಿಲಲ್ಲಿ ಶನಿವಾರ ಸಂಜೆ ಐದು ನಿಮಿಷ ನಿಂತು ಹೊರಗೆ ಬರುವವರ ಕೈಗಳನ್ನು ನೋಡಿದರೆ, ಈ ಎರಡನೆಯ ಪಂಗಡವೇ ದೊಡ್ಡದೇನೋ ಎಂಬ ಅನುಮಾನ ಯಾರಿಗಾದರೂ ಬಂದೀತು.

ಆ ಹೆಸರೂ ಅವರ ಪರವಾಗಿಯೇ ಇದೆ. ಕನ್ನಡದಲ್ಲಿ ‘ಮಾಲು’ ಎಂಬ ಶಬ್ದ ಬಹಳ ಹಿಂದಿನಿಂದಲೂ ಇತ್ತು. ಅರಬ್ಬಿಯಿಂದ ಬಂದ ಅದಕ್ಕೆ ಸರಕು ಎಂದು ಅರ್ಥ. ಆದರೆ ಈ ಹೊಸ ಮಾಲು ಬಂದದ್ದು ಬೇರೆ ದಾರಿಯಿಂದ. 17ನೆಯ ಶತಮಾನದಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ಉದ್ಯಾನದ ಬಳಿ, ಮರದ ಕೊಡತಿಯಿಂದ ಚೆಂಡನ್ನು ಹೊಡೆಯುವ ಒಂದು ಆಟಕ್ಕಾಗಿ ಉದ್ದನೆಯ ಹಾದಿಯೊಂದಿತ್ತು. ಆಟದ ಹೆಸರು ಹಾದಿಗೆ ಅಂಟಿತು. ಕಾಲಕ್ರಮದಲ್ಲಿ ಆಟ ನಿಂತುಹೋಯಿತು. ಒಳ್ಳೆಯ ಬಟ್ಟೆ ತೊಟ್ಟು ಸಂಜೆಯ ಹೊತ್ತು ಅಡ್ಡಾಡುವ ಜನ ಮಾತ್ರ ಉಳಿದರು. ಹೀಗೆ ಒಂದು ಮಾಲು ಕೊಳ್ಳುವುದಕ್ಕೆ, ಇನ್ನೊಂದು ಮಾಲು ಅಡ್ಡಾಡುವುದಕ್ಕೆ. ಎರಡೂ ಕೂಡಿ ಇಂದಿನ ಮಾಲಾಗಿದೆ.

ಮಲ್ಲೇಶ್ವರದ ಅಡ್ಡರಸ್ತೆಯೊಂದರ ಮನೆಯಿಂದ ಒಂದು ಶನಿವಾರ ಹೊರಟ ನಾಲ್ವರೂ ಅಡ್ಡಾಡುವ ಪಂಗಡಕ್ಕೆ ಸೇರಿದವರೇ. ಬ್ಯಾಂಕಿನಲ್ಲಿ ಕೆಲಸದಲ್ಲಿರುವ ಮಗ, ಸೊಸೆ, ಎಂಟು ವರ್ಷದ ಮೊಮ್ಮಗಳು, ಎಪ್ಪತ್ತೆಂಟನ್ನು ಸಮೀಪಿಸಿರುವ ಹಿರಿಯರು. ಅಜ್ಜಿಗೆ ಮೊಣಕಾಲು ನೋವು. ಅವರು ಮನೆಯಲ್ಲಿಯೇ ಉಳಿದರು. ಹೋಗಬೇಕಾಗಿದ್ದುದು ಓರಾಯನ್ ಮಾಲಿಗೆ. ಹಿರಿಯರು ಆ ಹೆಸರನ್ನು ಒಂದು ಸಲವೂ ಹೇಳಿದವರಲ್ಲ. ಅವರ ಬಾಯಲ್ಲಿ ಅದು ಇಂದಿಗೂ ‘ಫ್ಯಾಕ್ಟರಿ’. 2012ರಲ್ಲಿ ಆ ಮಾಲು ತೆರೆಯುವುದಕ್ಕೆ ಮುಂಚೆ, ಆ ನೆಲದಲ್ಲಿ ಮುಗಿಲೆತ್ತರದ ಕಟ್ಟಡಗಳು ಏಳುವುದಕ್ಕೂ ಮುಂಚೆ, ಅಲ್ಲಿ ಕಿರ್ಲೋಸ್ಕರ್ ಕಾರ್ಖಾನೆಯಿತ್ತು. ಅಲ್ಲಿಯ ವೈಂಡಿಂಗ್ ವಿಭಾಗದಲ್ಲಿ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತ ಅವರು ತಮ್ಮ ಯೌವನವನ್ನು ಕಳೆದಿದ್ದರು. ಕಾರ್ಖಾನೆ ಹೋದ ಮೇಲೆ ಅತ್ತ ತಲೆ ಹಾಕಿರಲಿಲ್ಲ.

ಹೊರಡುವ ಹೊತ್ತಿಗೆ ಮನೆಯಲ್ಲಿ ಒಂದು ಚಿಕ್ಕ ಪ್ರಸಂಗ ನಡೆಯಿತು. ಹಿರಿಯರು ಇಸ್ತ್ರಿ ಮಾಡಿದ ಪಂಚೆಯನ್ನುಟ್ಟು, ಬಿಳಿಯ ಅಂಗಿ ತೊಟ್ಟು, ಚಪ್ಪಲಿಗೆ ಕಾಲು ತೂರಿಸುತ್ತಿದ್ದರು. ಮಗ ಎರಡು ಸಲ ಒಳಗೆ ಹೋಗಿ ಹೊರಗೆ ಬಂದು, ಕೊನೆಗೆ ಹೇಳಿದ:

“ಅಪ್ಪ, ಆ ಬೂದು ಬಣ್ಣದ ಪ್ಯಾಂಟು ಹಾಕಿಕೊಳ್ಳಬಹುದಿತ್ತು. ಮೆಟ್ಟಿಲು ಹತ್ತೋದಕ್ಕೆ ಸಲೀಸು.”

ಅವನು ಹೇಳದೆ ಬಿಟ್ಟ ಕಾರಣ ಬೇರೆ. 2024ರ ಜುಲೈ ತಿಂಗಳಲ್ಲಿ ಇದೇ ಊರಿನ ಮಾಗಡಿ ರಸ್ತೆಯ ಇನ್ನೊಂದು ಮಾಲಿನಲ್ಲಿ, ಮಗನೊಡನೆ ಸಿನಿಮಾ ನೋಡಲು ಬಂದ ವೃದ್ಧ ರೈತರೊಬ್ಬರನ್ನು, ಪಂಚೆಯುಟ್ಟಿದ್ದಾರೆಂಬ ಕಾರಣಕ್ಕೆ ಬಾಗಿಲಲ್ಲಿಯೇ ತಡೆದಿದ್ದರು. ಕೈಯಲ್ಲಿ ಟಿಕೆಟ್ಟಿದ್ದರೂ ಒಳಗೆ ಬಿಡಲಿಲ್ಲ. ನಾಡೆಲ್ಲ ಸಿಟ್ಟಿಗೆದ್ದಿತು, ವಿಷಯ ವಿಧಾನಸಭೆಗೆ ಹೋಯಿತು, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸುವ ಕ್ರಮ ಕೈಗೊಂಡಿತು. ಆ ಸುದ್ದಿಯನ್ನು ಓದಿದ ದಿನ ಈ ಮಗನೂ ಬ್ಯಾಂಕಿನಲ್ಲಿ ಮೇಜು ಗುದ್ದಿ ಮಾತನಾಡಿದ್ದವನೇ. ಪರರ ತಂದೆಗಾಗಿ ಮೇಜು ಗುದ್ದುವುದು ಸುಲಭ. ತನ್ನ ತಂದೆ ಪಂಚೆಯುಟ್ಟು ಚಪ್ಪಲಿ ಮೆಟ್ಟಿ ನಿಂತಾಗ ಆ ಬಾಗಿಲೇ ಮೊದಲು ನೆನಪಾಗುತ್ತದೆ.

ಹಿರಿಯರು ಚಪ್ಪಲಿ ಮೆಟ್ಟುವುದನ್ನು ಮುಗಿಸಿ ಮಗನ ಮುಖ ನೋಡಿದರು.

“ಪೇಪರು ನಾನೂ ಓದುತ್ತೀನಪ್ಪ” ಎಂದರು. ಬಳಿಕ, “ಅಲ್ಲಿಗೆ ಪ್ಯಾಂಟು ಹಾಕಿಕೊಂಡು ಹೋಗಿದ್ದು ಸಂಬಳಕ್ಕೆ. ಇವತ್ತು ಸಂಬಳಕ್ಕೆ ಹೋಗುತ್ತಿಲ್ಲವಲ್ಲ” ಎಂದು ಹೇಳಿ ಮೊಮ್ಮಗಳ ಕೈ ಹಿಡಿದು ಹೊರಟೇಬಿಟ್ಟರು.

ಸೊಸೆ ನಗು ತಡೆಯಲು ಬಾಗಿಲಿಗೆ ಬೀಗ ಹಾಕುವವಳಂತೆ ತಿರುಗಿಕೊಂಡಳು. ಅತ್ತೆ ಒಳಗಿದ್ದರೆಂಬುದು ಆಮೇಲೆ ಅವಳಿಗೆ ನೆನಪಾಯಿತು.

ಸಂಪಿಗೆ ರಸ್ತೆಯಿಂದ ಮೆಟ್ರೋ ರೈಲು. 2014ರ ಮಾರ್ಚ್‌ನಲ್ಲಿ ಓಡಲಾರಂಭಿಸಿದ ಈ ಹಸಿರು ಮಾರ್ಗದಲ್ಲಿ ಐದು ನಿಲ್ದಾಣ ಮುಂದೆ ಹೋದರೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಸಾಬೂನಿನ ಕಾರ್ಖಾನೆಯ ಹೆಸರನ್ನು ಹೊತ್ತ ನಿಲ್ದಾಣ ಇನ್ನಾವ ಊರಿನಲ್ಲಿದೆಯೋ! ಹಿರಿಯರು ರೈಲಿನಿಂದಿಳಿಯುತ್ತಲೇ ಮೂಗನ್ನು ಸ್ವಲ್ಪ ಮೇಲೆತ್ತಿದರು. ಗಾಳಿ ಇತ್ತ ಬೀಸಿದ ದಿನಗಳಲ್ಲಿ ತಮ್ಮ ಕಾರ್ಖಾನೆಯ ಎಣ್ಣೆ, ಮೆರುಗೆಣ್ಣೆಗಳ ವಾಸನೆಯ ನಡುವೆಯೂ ಶ್ರೀಗಂಧ ನುಸುಳಿ ಬರುತ್ತಿತ್ತೆಂದು ಮೊಮ್ಮಗಳಿಗೆ ಹೇಳಿದರು. ಅವಳೂ ಮೂಗೆತ್ತಿದಳು. “ತಾತ, ಪೆಟ್ರೋಲ್ ವಾಸನೆ ಬರ್ತಿದೆ” ಎಂದಳು.

ಮಾಲಿನ ಬಾಗಿಲು ಬಂತು. ಲೋಹವನ್ನು ಪತ್ತೆಮಾಡುವ ಚೌಕಟ್ಟು, ಅದರ ಮುಂದೆ ಸಾಲು, ಸಮವಸ್ತ್ರದ ಕಾವಲುಗಾರ. ಮಗ ತಂದೆಗಿಂತ ಎರಡು ಹೆಜ್ಜೆ ಮುಂದೆ ಸರಿದು ನಿಂತ. ಏನು ಹೇಳಬೇಕೆಂಬುದನ್ನು ಅವನು ರೈಲಿನಲ್ಲಿಯೇ ಮನಸ್ಸಿನಲ್ಲಿ ಬರೆದುಕೊಂಡಿದ್ದ. ಸಂವಿಧಾನದಿಂದ ಆರಂಭವಾಗಿ ವಿಧಾನಸಭೆಯಲ್ಲಿ ಮುಗಿಯುವ ಭಾಷಣ. ಹಿರಿಯರಾದರೋ ಯಾರೂ ಹೇಳುವ ಮೊದಲೇ ಎರಡೂ ಕೈಗಳನ್ನು ಅಗಲಿಸಿ ನಿಂತರು. ಅದು ಹಳೆಯ ಅಭ್ಯಾಸ. ವ್ಯತ್ಯಾಸ ಒಂದೇ: ಕಾರ್ಖಾನೆಯಲ್ಲಿ ಮುಟ್ಟಿ ನೋಡುವುದು ಹೊರಗೆ ಹೋಗುವಾಗ, ಇಲ್ಲಿ ಒಳಗೆ ಬರುವಾಗ.

ಕಾವಲುಗಾರ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ಹಿರಿಯರನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಮಗನ ಗಂಟಲಲ್ಲಿ ಭಾಷಣದ ಮೊದಲ ವಾಕ್ಯ ಬಂದು ನಿಂತಿತು.

“ಕೈ ಇಳಸ್ರಿ ಅಜ್ಜಾರ. ಹೋಗ್ರಿ ಒಳಗ. ಪಾಯರಿ ನೋಡ್ಕೊಂಡ ಹೋಗ್ರಿ” ಎಂದ ಹುಡುಗ. ಉತ್ತರ ಕರ್ನಾಟಕದವನು. ಅವನ ಊರಿನಲ್ಲಿ ಅವನ ಅಜ್ಜನೂ ಬಹುಶಃ ಧೋತರವನ್ನೇ ಉಡುತ್ತಿದ್ದಿರಬೇಕು.

ಭಾಷಣ ಹಾಗೆಯೇ ನುಂಗಿಹೋಯಿತು. ಮಗನಿಗೆ ಸಮಾಧಾನವಾಗಬೇಕಾಗಿತ್ತು, ಆಗಲಿಲ್ಲ. ತಂದೆಯವರನ್ನು ಅಂದು ಉಡುಪಿಗಾಗಿ ತಡೆದು ನಿಲ್ಲಿಸಿದವನು ಒಬ್ಬನೇ. ಅವನು ಮಾಲಿನ ಬಾಗಿಲಲ್ಲಿ ನಿಂತಿರಲಿಲ್ಲ, ಮನೆಯ ಬಾಗಿಲಲ್ಲಿ ನಿಂತಿದ್ದ.

ಒಳಗೆ ಹೋದೊಡನೆ ತಣ್ಣನೆಯ ಗಾಳಿ, ಕನ್ನಡಿಯಂತಹ ನೆಲ, ಎಲ್ಲಿಂದ ಬರುತ್ತಿದೆಯೆಂದು ತಿಳಿಯದ ಬೆಳಕು. ಹೊರಗೆ ಹಗಲೋ ಇರುಳೋ ಗೊತ್ತಾಗದು. ಇಡೀ ಪೇಟೆಯನ್ನು ಹೀಗೆ ಒಂದೇ ಸೂರಿನ ಕೆಳಗೆ ತಂದು, ಬಿಸಿಲು ಚಳಿಗಳನ್ನು ಹೊರಗಿಡುವ ಏರ್ಪಾಡಿಗೆ ಮಾದರಿ ಹಾಕಿಕೊಟ್ಟದ್ದು 1956ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಈಡೈನಾ ಎಂಬಲ್ಲಿ ತೆರೆದ ಸೌತ್‌ಡೇಲ್. ಅದನ್ನು ರೂಪಿಸಿದ ವಿಕ್ಟರ್ ಗ್ರುಯೆನ್, 1938ರಲ್ಲಿ ನಾಜಿಗಳ ಕೈಗೆ ಸಿಕ್ಕದೆ ವಿಯೆನ್ನಾದಿಂದ ಅಮೆರಿಕಕ್ಕೆ ಬಂದ ವಾಸ್ತುಶಿಲ್ಪಿ. ವಿಯೆನ್ನಾದ ಚೌಕಗಳಲ್ಲಿ ಜನ ಕುಳಿತು ಹರಟುವುದನ್ನು ಕಂಡಿದ್ದವನಿಗೆ, ಕಾರಿನಿಂದಿಳಿಯದ ಅಮೆರಿಕನ್ನರಿಗೂ ಅಂತಹುದೊಂದು ಚೌಕ ಬೇಕೆನಿಸಿತು. ಅಂಗಡಿಗಳ ಸುತ್ತ ಮನೆ, ಶಾಲೆ, ಉದ್ಯಾನಗಳೂ ಬೆಳೆಯಬೇಕೆಂಬುದು ಅವನ ಆಸೆ. ಬೆಳೆದದ್ದು ಕಾರು ನಿಲ್ಲಿಸುವ ಬಯಲು. ಕೊನೆಗಾಲದಲ್ಲಿ ಅವನು ಇವು ನನ್ನ ಮಕ್ಕಳಲ್ಲವೆಂದು ಮಾಲುಗಳ ತಂದೆತನವನ್ನೇ ನಿರಾಕರಿಸಿ, ವಿಯೆನ್ನಾಕ್ಕೆ ಹಿಂದಿರುಗಿ, 1980ರಲ್ಲಿ ತೀರಿಕೊಂಡ. ಅವನು ಬಯಸಿದ ಚೌಕ ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲಿ ಅಷ್ಟರಲ್ಲಾಗಲೇ ಇತ್ತೆಂಬುದು ಪಾಪ, ಅವನಿಗೆ ತಿಳಿದಿರಲಾರದು.

ಸೊಸೆ ಸೀರೆಯ ಅಂಗಡಿಯೊಂದರ ಮುಂದೆ ನಿಂತಳು. ಬೆಲೆಯ ಚೀಟಿಯನ್ನು ಯಾರಿಗೂ ಕಾಣದಂತೆ ಎರಡು ಬೆರಳಿನಿಂದ ಮಗುಚಿ ಓದುವುದು ಒಂದು ಕಲೆ. ಓದಿ, ಬಣ್ಣ ಹಿಡಿಸಲಿಲ್ಲವೆಂಬಂತೆ ತುಟಿ ಕೊಂಕಿಸಿ ಮುಂದೆ ಸರಿಯುವುದು ಅದಕ್ಕಿಂತ ದೊಡ್ಡ ಕಲೆ. ಸಂಪಿಗೆ ರಸ್ತೆಯಾಗಿದ್ದರೆ, “ಸರಿಯಾಗಿ ಹೇಳಿ” ಎಂಬ ಎರಡು ಮಾತಿನಿಂದ ಯುದ್ಧ ಆರಂಭಿಸಬಹುದಾಗಿತ್ತು. ಇಲ್ಲಿ ಬೆಲೆಗಳೆಲ್ಲ ತೊಂಬತ್ತೊಂಬತ್ತರಲ್ಲಿ ಮುಗಿಯುತ್ತವೆ. ಆ ಒಂದು ರೂಪಾಯಿಯನ್ನು ಅವರೇ ಮುಂಚಿತವಾಗಿ ಇಳಿಸಿರುವುದರಿಂದ ಚೌಕಾಸಿಗೆ ಎಡೆಯೇ ಇಲ್ಲ.

ಎಸ್ಕಲೇಟರಿನ ಮುಂದೆ ಹಿರಿಯರು ನಿಂತುಬಿಟ್ಟರು. ಹೆದರಿದರೆಂದು ಭಾವಿಸಿ ಮಗ ಓಡಿ ಬಂದ. ಹೆದರಿಕೆಯಲ್ಲ, ಅವರು ಕಿವಿಗೊಟ್ಟು ಕೇಳುತ್ತಿದ್ದರು.

“ಮೋಟಾರು ಚೆನ್ನಾಗಿದೆ” ಎಂದರು.

ಮೊಮ್ಮಗಳಿಗೆ ಆಶ್ಚರ್ಯ. ಮೋಟಾರು ಎಲ್ಲಿ? ಮೆಟ್ಟಿಲುಗಳು ತಾವಾಗಿಯೇ ನಡೆಯುವುದಿಲ್ಲವೆಂದೂ, ಒಳಗೆ ಸರಪಳಿಗಳಿವೆಯೆಂದೂ, ಆ ಸರಪಳಿಯನ್ನು ಎಳೆಯುವುದು ಮೋಟಾರೆಂದೂ, ಕೈ ಹಿಡಿಯುವ ಕರಿಯ ಪಟ್ಟಿಯೂ ಅದೇ ಶಕ್ತಿಯಿಂದ ಚಲಿಸುವುದೆಂದೂ ಅವರು ವಿವರಿಸಿದರು. ಸೆಕೆಂಡಿಗೆ ಸುಮಾರು ಅರ್ಧ ಮೀಟರಿನಂತೆ, ಒಬ್ಬನೇ ನಿಂತಿರಲಿ, ನೂರು ಜನ ಏರಲಿ, ವೇಗ ಬಹುಮಟ್ಟಿಗೆ ಒಂದೇ ಸಮನಾಗಿರಬೇಕು. ಭಾರ ಹೆಚ್ಚಿದರೆ ಏದುಸಿರು ಬಿಡಬಾರದು. ಅದು ಮೋಟಾರಿನ ಮರ್ಯಾದೆ. ಅದರ ಹೊಟ್ಟೆಯೊಳಗಿನ ತಾಮ್ರದ ಸುರುಳಿಯಲ್ಲಿ ಒಂದು ಸುತ್ತು ತಪ್ಪಿದರೂ ಮೋಟಾರು ಬಿಸಿಯಾಗಿ ಗೊರಗುಟ್ಟುತ್ತದೆ. ಅಕ್ಕಪಕ್ಕದಲ್ಲಿ ಮೇಲೇರಲು ಕಾದಿದ್ದ ಇಬ್ಬರು ಕಾಲೇಜು ಹುಡುಗರು ತಾವೂ ನಿಂತು ಕೇಳಿದರು. ಪಾಠ ಮುಗಿದ ಮೇಲೆ ಹಿರಿಯರು ಪಂಚೆಯ ಅಂಚನ್ನು ಎಡಗೈಯಲ್ಲಿ ಮೇಲೆತ್ತಿ ಹಿಡಿದು, ಬಲಗೈಯನ್ನು ಪಟ್ಟಿಯ ಮೇಲಿಟ್ಟು, ಹಳದಿ ಗೆರೆಯಿಂದ ಒಳಕ್ಕೆ ಸರಿಯಾಗಿ ಕಾಲಿಟ್ಟು ಮೇಲೆ ಹೋದರು. ಮಗ ಗಡಿಬಿಡಿಯಲ್ಲಿ ಎರಡು ಮೆಟ್ಟಿಲುಗಳ ಸಂಧಿಯ ಮೇಲೆ ಕಾಲಿಟ್ಟು ಮುಗ್ಗರಿಸಿದ.

ಮೇಲಿನ ಅಂತಸ್ತಿನ ತಿಂಡಿಯ ಅಂಗಣದಲ್ಲಿ ಮೊಮ್ಮಗಳಿಗೆ ಐಸ್‌ಕ್ರೀಮು ಆಯಿತು. ಸಂಕಲ್ಪಭಂಗದಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಹಿರಿಯರು ಕಾಫಿಯ ಕಟ್ಟೆಯ ಮುಂದೆ ನಿಂತು ಬೆಲೆಪಟ್ಟಿಯನ್ನು ಕೊನೆಯವರೆಗೆ ಓದಿ, “ಒಂದು ಬೈಟು” ಎಂದರು. ಕಟ್ಟೆಯ ಹಿಂದಿದ್ದ ಹುಡುಗಿಗೆ ಅರ್ಥವಾಗಲಿಲ್ಲ. ಅಂತಹ ಪಾನೀಯ ತಮ್ಮಲ್ಲಿಲ್ಲವೆಂದಳು. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚುವ ಬೆಂಗಳೂರಿನ ಈ ಪುರಾತನ ಪದ್ಧತಿಯನ್ನು ಮಗ ವಿವರಿಸಬೇಕಾಯಿತು. ಹುಡುಗಿ ನಕ್ಕು, ಇನ್ನೊಂದು ಕಾಗದದ ಲೋಟವನ್ನು ಸುಮ್ಮನೆ ಕೊಟ್ಟಳು. ತಂದೆ ಮಕ್ಕಳು ಒಂದು ಕಾಫಿಯನ್ನು ಹಂಚಿಕೊಂಡು ಹೊರಗಿನ ಕೊಳದ ಬಳಿಗೆ ಬಂದರು.

ಆ ಹೊತ್ತಿಗೆ ಕತ್ತಲಾಗಿತ್ತು. ಕೊಳದ ನೀರಿನಲ್ಲಿ ಎತ್ತರದ ಕಟ್ಟಡಗಳ ದೀಪಗಳು ಅಲುಗುತ್ತಿದ್ದವು. ದಂಡೆಯ ಉದ್ದಕ್ಕೂ ಜನ ಕುಳಿತಿದ್ದರು: ಹೊಸದಾಗಿ ಮದುವೆಯಾದವರು, ಮಗುವಿನ ಬಾಯಿಗೆ ಬಿಸ್ಕತ್ತು ತುರುಕುವ ತಾಯಂದಿರು, ಒಂದೇ ಪೊಟ್ಟಣದ ಹುರಿದ ಜೋಳಕ್ಕೆ ಐದು ಕೈ ಹಾಕುವ ಹುಡುಗರು. ಹೆಚ್ಚಿನವರ ಕೈಯಲ್ಲಿ ಚೀಲವಿರಲಿಲ್ಲ. ಗ್ರುಯೆನ್ ಬಯಸಿದ ಚೌಕ ಇದ್ದರೆ ಈ ದಂಡೆಯಲ್ಲಿತ್ತು.

ಹಿರಿಯರು ಮಾತ್ರ ಕಟ್ಟಡಗಳನ್ನು ನೋಡದೆ ಬೇರೇನನ್ನೋ ಹುಡುಕುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅವರಿಗೆ ಬೇಕಾದದ್ದು ಸಿಕ್ಕಿತು: ಇಸ್ಕಾನ್ ದೇವಾಲಯವಿರುವ ಗುಡ್ಡ. 1997ರಲ್ಲಿ ದೇವಾಲಯ ಉದ್ಘಾಟನೆಯಾಗುವುದಕ್ಕಿಂತ ಎಷ್ಟೋ ಮುಂಚಿನಿಂದ ಅವರು ಆ ಬಂಡೆಯನ್ನು ಬಲ್ಲರು. ಸುತ್ತಲಿನದೆಲ್ಲ ಬದಲಾದರೂ ಗುಡ್ಡ ಜಾಗ ಬಿಟ್ಟಿರಲಿಲ್ಲ. ಅದನ್ನು ಬಲಗೈಗೆ ಇಟ್ಟುಕೊಂಡು, ರೈಲು ಹಳಿಯ ದಿಕ್ಕನ್ನು ನೆನೆದು, ಮನಸ್ಸಿನಲ್ಲಿ ಹೆಜ್ಜೆ ಎಣಿಸಿ, ಕೊಳದ ನಡುವೆ ಬೆರಳು ತೋರಿಸಿದರು.

“ನಮ್ಮ ವಿಭಾಗ ಅಲ್ಲೇ ಇದ್ದಿರಬೇಕು.”

“ನೀರೊಳಗಾ, ತಾತ?” ಎಂದು ಮೊಮ್ಮಗಳು ಕೇಳಿದಳು.

“ಆಗ ನೀರಿರಲಿಲ್ಲ, ಪುಟ್ಟೀ. ಕುಡಿಯೋದಕ್ಕೆ ಒಂದು ನಲ್ಲಿ ಇತ್ತು” ಎಂದು ಅವರು ನಕ್ಕರು. ಆ ನಗುವಿನಲ್ಲಿ ಕೊರಗು ಇತ್ತೋ ಇಲ್ಲವೋ, ಮಗನಿಗೆ ತಿಳಿಯಲಿಲ್ಲ. ಅವನು ಏನೋ ಹೇಳಬೇಕೆಂದು, “ಅಪ್ಪ, ಸಂಜೆ ಪ್ಯಾಂಟಿನ ವಿಷಯ…” ಎಂದು ಆರಂಭಿಸಿದ. ಹಿರಿಯರು ಕೈಯಲ್ಲಿದ್ದ ಲೋಟವನ್ನು ಅವನತ್ತ ಚಾಚಿ, “ನಿನ್ನ ಪಾಲು ಕಡಿಮೆಯಾಯಿತೇನೋ. ಇದರಲ್ಲಿ ಇನ್ನೊಂದು ಗುಟುಕಿದೆ, ತೊಗೋ” ಎಂದರು. ಮಗ ಕುಡಿದ. ಆ ವಿಷಯ ಅಲ್ಲಿಗೆ ಮುಗಿಯಿತು.

ಮನೆ ಸೇರಿದಾಗ ಒಂಬತ್ತು ಗಂಟೆ. ಅಜ್ಜಿ ಬಾಗಿಲು ತೆರೆದವರೇ ಎಲ್ಲರ ಕೈ ನೋಡಿದರು.

“ಅಷ್ಟು ದೊಡ್ಡ ಅಂಗಡಿಗೆ ಹೋಗಿ ಏನೂ ತರಲಿಲ್ಲವೆ? ಮೂರು ಗಂಟೆ ಹೊತ್ತು ಏನು ಮಾಡಿದಿರಿ?”

ಹಿರಿಯರು ಪಂಚೆಯನ್ನು ಸರಿಪಡಿಸಿಕೊಂಡು ಜಗಲಿಯ ಮೇಲೆ ಕುಳಿತರು.

“ಅಲ್ಲಿ ಅಷ್ಟು ವರ್ಷ ನಿಂತೇ ಕೆಲಸ ಮಾಡಿದೆನಲ್ಲ” ಎಂದರು. “ಇವತ್ತು ಕೂತುಕೊಂಡು ಬಂದೆ.”